ಹಳೇ ಜಿಪ್ಸಿಯ ಸೊಂಟ ನೆಟ್ಟಗಾಯ್ತು

ನಮ್ಮ ಹಳೇ ಮಾರುತಿ ಜಿಪ್ಸಿ ಡ್ರೈವರ್ ಕಡೆಗೆ ವಾಲಿ ನಿಲ್ಲುತ್ತಿತ್ತು. ಸಣ್ಣ ಗುಂಡಿಗೂ ಹಿಂದಿನಿಂದ ಢಣ್ ಅಂತ ಸದ್ದು. ಜಿಪ್ಸಿಗೆ ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗೇ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟುಗಳು) ಅಲ್ವಾ, ಮೊದಲು ಅದನ್ನೇ ನೋಡಿದೆ. ಗೊಬ್ಬರದ ಮೂಟೆ ಹೊತ್ತೂ ಹೊತ್ತೂ ಪ್ಲೇಟುಗಳು ಚಪ್ಪಟೆಯಾಗಿದ್ದವು. ಸ್ಪ್ರಿಂಗಿನ ತುದಿಯನ್ನು ಗಾಡಿಯ ಚಾಸಿಗೆ ಸೇರಿಸುವ ಕೊಂಡಿಗೆ ಶ್ಯಾಕಲ್ ಅಂತಾರೆ, ಅದರ ಬೋಲ್ಟಿನ ಸುತ್ತ ಇರುವ ರಬ್ಬರ್ ಬಳೆಯೇ ಬುಷ್. ಶ್ಯಾಕಲ್ ಬುಷ್‌ನ ರಬ್ಬರ್ ಒಂದು ಕಡೆ ಪೂರಾ ಸವೆದು, ಬೋಲ್ಟು ಕಬ್ಬಿಣಕ್ಕೇ ಉಜ್ಜಿ ಹೊಳೆಯುತ್ತಿತ್ತು. ಸದ್ದು ಅಲ್ಲಿಂದಲೇ.

ಉದ್ದ ಶ್ಯಾಕಲ್ ಹಾಕಿ ನಾಲ್ಕಿಂಚು ಎತ್ತೋಣ ಅಂದರು ಗ್ಯಾರೇಜಿನವರು. ಬೇಡ ಅಂದೆ. ಮುಂದಿನ ಸ್ಪ್ರಿಂಗಿಗೆ ಉದ್ದ ಶ್ಯಾಕಲ್ ಹಾಕಿದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಹೈವೇಯಲ್ಲಿ ಸ್ಟೀರಿಂಗ್ ಅಲೆದಾಡುತ್ತದೆ. ಜಾಸ್ತಿ ಎತ್ತಿದರೆ ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು, ಬ್ರೇಕ್ ಹೋಸು ಎಲ್ಲಕ್ಕೂ ಕೈ ಹಾಕಬೇಕು. ನನಗೆ ಬೇಕಿದ್ದದ್ದು ತೋಟದ ದಾರಿಯ ಕಲ್ಲು ತಾಗದಷ್ಟು ಎತ್ತರ, ಅಷ್ಟೇ.

ಪ್ಲೇಟು ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಾಗಿಸಿ ಟೆಂಪರ್ ಮಾಡಿಸಿದೆ, ಅಂದರೆ ಕಾಯಿಸಿ ಹದ ಮಾಡಿಸಿದೆ. ಬಿರುಕು ಬಿಟ್ಟದ್ದನ್ನು ಬದಲಿಸಿದೆ. ಬುಷ್, ಶಾಕ್ ಅಬ್ಸಾರ್ಬರ್, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಎಲ್ಲ ಹೊಸದು. ಯು-ಬೋಲ್ಟಿನಲ್ಲಿ ಜಿಪುಣತನ ಬೇಡ, ಒಮ್ಮೆ ಬಿಗಿದರೆ ಅದು ಎಳೆದು ಹಿಗ್ಗಿರುತ್ತದೆ, ಹಳೆಯದನ್ನೇ ಮತ್ತೆ ಹಾಕಬಾರದು. ಗಾಡಿ ಸುಮಾರು ಒಂದೂವರೆ ಇಂಚು ಎದ್ದಿತು.

ಶ್ಯಾಕಲ್ ಬೋಲ್ಟನ್ನು ಗಾಡಿ ಜ್ಯಾಕ್ ಮೇಲಿರುವಾಗ ಪೂರ್ತಿ ಬಿಗಿಯಲು ಬಿಡಬೇಡಿ. ಚಕ್ರ ನೆಲಕ್ಕಿಳಿದು ಭಾರ ಕೂತ ಮೇಲೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ವಲ್ಪ ಓಡಿಸಿದ ಮೇಲೆ ಯು-ಬೋಲ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ನನ್ನದು ಅರ್ಧ ಸುತ್ತು ಸಡಿಲವಾಗಿತ್ತು. ಹಾಗೇ ಗಾಡಿ ಎದ್ದಿರುವುದರಿಂದ ಹೆಡ್‌ಲೈಟನ್ನೂ ತಗ್ಗಿಸಿಕೊಳ್ಳಿ, ಎದುರು ಬರುವವರ ಬೈಗುಳ ಸುಮ್ನೆ ಯಾಕೆ?