ಕಾಫಿ ಕುಡಿದ ಲ್ಯಾಪ್‌ಟಾಪ್, ಕತ್ತಲಾದ ಸ್ಕ್ರೀನ್

ಮೊಣಕೈ ತಾಗಿ ಲೋಟ ಉರುಳಿತು. ಅರ್ಧ ಲೋಟ ಕಾಫಿ, ಅದೂ ಹಾಲು ಸಕ್ಕರೆ ಹಾಕಿದ್ದು, ಕೀಬೋರ್ಡಿನ ಮೇಲಿನ ಸಾಲು ದಾಟಿ ಮುಚ್ಚಳ ಮಡಚುವ ಹಿಂಜಿನ ಕಡೆಗೆ ಹರಿಯಿತು. ಆ ಗಳಿಗೆಯಲ್ಲಿ ಮಾಡಬೇಕಾದ್ದನ್ನು ಸರಿಯಾಗಿಯೇ ಮಾಡಿದೆ. ಚಾರ್ಜರ್ ಕಿತ್ತೆ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ, ಬಟ್ಟೆಯ ಮೇಲೆ ಗುಡಾರದ ಹಾಗೆ ಬೋರಲು ನಿಲ್ಲಿಸಿದೆ.

ಎಡವಿದ್ದು ಆಮೇಲೆ. 5 ಗಂಟೆ ಕಳೆಯಿತು, ಕೈ ಸುಮ್ನಿರಲಿಲ್ಲ. ಆನ್ ಆಗುತ್ತಾ ನೋಡೋಣ ಅಂತ ಬಟನ್ ಒತ್ತಿದೆ. ಆನ್ ಆಯಿತು! ಖುಷಿಯಲ್ಲಿ ಕೆಲಸಕ್ಕೆ ಕೂತೆ. ಹತ್ತು ನಿಮಿಷ ಆಗಿರಬಹುದು, ಸ್ಕ್ರೀನ್ ಎರಡು ಸಲ ಮಿಣುಕಿ ಕಪ್ಪಾಯಿತು.

ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಪುಟ್ಟ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಅಂದರೆ ಮಷೀನಿಗೆ ಜೀವ ಇದೆ. ಕೋಣೆಯ ದೀಪ ಆರಿಸಿ, ಫೋನಿನ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿದೆ. ತೀರಾ ಮಸುಕಾಗಿ ಐಕಾನುಗಳು ಕಂಡವು! ಎಲ್‌ಸಿಡಿ ಪರದೆಗೆ ಸ್ವಂತ ಬೆಳಕು ಇರುವುದಿಲ್ಲ. ಅಂಚಿನಲ್ಲಿರುವ ಎಲ್‌ಇಡಿ ಸಾಲು ಹಿಂದಿನಿಂದ ಬೆಳಕು ಕೊಡುತ್ತದೆ. ನನ್ನದರಲ್ಲಿ ಚಿತ್ರ ಮೂಡುತ್ತಿತ್ತು, ಬೆಳಕು ಹೋಗಿತ್ತು. ಮುಚ್ಚಳದ ಅಯಸ್ಕಾಂತ ಸೆನ್ಸರ್ ಕೆಟ್ಟು, ಮುಚ್ಚಿದೆ ಅಂದುಕೊಂಡು ಮಷೀನ್ ಮಲಗಿದೆಯೇನೋ ಅನ್ನುವ ಅನುಮಾನವೂ ಇತ್ತು. ಚಿತ್ರ ಕಂಡ ಮೇಲೆ ಅದೂ ಹೋಯಿತು. ತಕ್ಷಣ ಆಫ್ ಮಾಡಿ ತಳಭಾಗ ಬಿಚ್ಚಿದೆ.

ಬಿಚ್ಚಿದವರು ಮೊದಲು ಮಾಡಬೇಕಾದ ಕೆಲಸ ಬ್ಯಾಟರಿಯ ಕನೆಕ್ಟರ್ ಕೀಳುವುದು. ಲ್ಯಾಪ್‌ಟಾಪ್ ಆಫ್ ಇದ್ದರೂ ಬೋರ್ಡಿನ ಕೆಲವು ಭಾಗಕ್ಕೆ ಬ್ಯಾಟರಿಯಿಂದ ಕರೆಂಟ್ ಹೋಗುತ್ತಲೇ ಇರುತ್ತದೆ. ಹಾಳು ಮಾಡುವುದು ಬರೀ ನೀರಲ್ಲ, ನೀರು ಮತ್ತು ಕರೆಂಟ್ ಸೇರಿದ್ದು. ಒದ್ದೆ ಜಾಗದಲ್ಲಿ ಕರೆಂಟ್ ಹರಿದರೆ ತಾಮ್ರ ಕರಗಿ ಹಸಿರು ಕಿಲುಬು ಕಟ್ಟುತ್ತದೆ. ನಾನು ಆಸೆಯಿಂದ ಕೂತ ಆ ಹತ್ತು ನಿಮಿಷದಲ್ಲಿ ಒಳಗೆ ಇದೇ ನಡೆದಿತ್ತು. ಡಿಸ್‌ಪ್ಲೇ ಕೇಬಲ್ ಬೋರ್ಡಿಗೆ ಸೇರುವ ಜಾಗದಲ್ಲಿ ಕಂದು ಕಲೆ, ಅದರ ಅಂಚಿಗೆ ಹಸಿರು.

ಅಕ್ಕಿ ಡಬ್ಬದಲ್ಲಿ ಹೂತಿಡು ಅಂತ ಒಬ್ಬರು ಹೇಳಿದರು. ಅಕ್ಕಿ ಸಕ್ಕರೆಯನ್ನು ಹೀರುತ್ತದೆಯೇ? ಪಸೆ ಆರಿದರೂ ಹಾಲಿನ ಜಿಡ್ಡು, ಸಕ್ಕರೆಯ ಅಂಟು ಬೋರ್ಡಿನ ಮೇಲೇ ಉಳಿಯುತ್ತವೆ. 99% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತನೆಯ ಹಳೆಯ ಟೂತ್‌ಬ್ರಷ್ ಅದ್ದಿ, ಕನೆಕ್ಟರನ್ನೂ ಕೇಬಲ್ಲಿನ ತುದಿಯನ್ನೂ ಹಗುರವಾಗಿ ಉಜ್ಜಿದೆ. ಹೇರ್ ಡ್ರೈಯರ್ ಹಿಡಿಯಲಿಲ್ಲ, ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪೂರ್ತಿ 2 ದಿನ ಹಾಗೇ ಬಿಟ್ಟೆ. ಈ ಸಲ ನಿಜವಾಗಿಯೂ ಬಿಟ್ಟೆ.

ಮೂರನೇ ದಿನ ಜೋಡಿಸಿ ಆನ್ ಮಾಡಿದೆ. ಮತ್ತೆ ಕತ್ತಲೆ. ಎಚ್‌ಡಿಎಂಐ ಕೇಬಲ್ಲಿನಿಂದ ಬೇರೆ ಮಾನಿಟರಿಗೆ ಜೋಡಿಸಿದರೆ ಅಲ್ಲಿ ಚಿತ್ರ ಸೊಗಸಾಗಿ ಬಂತು. ಮುಂದೆ ಕೈಹಾಕುವ ಮೊದಲು ಫೈಲುಗಳನ್ನೆಲ್ಲ ಹೊರಗಿನ ಡ್ರೈವಿಗೆ ಹಾಕಿಕೊಂಡೆ. ಬೋರ್ಡ್ ಸತ್ತರೂ ಸಾಯಲಿ ಅನ್ನುವ ಧೈರ್ಯ ಆಮೇಲೇ ಬಂದದ್ದು.

ಡಿಸ್‌ಪ್ಲೇ ಕೇಬಲ್ಲಿನ ಆ ಕನೆಕ್ಟರಿನ ವಿಷಯ ಸ್ವಲ್ಪ ಹೇಳಬೇಕು. ನನ್ನದು 30 ಪಿನ್ನಿನದು. ಪ್ಯಾನೆಲ್ಲಿನ ಚಿತ್ರದ ಭಾಗಕ್ಕೆ 3.3 ವೋಲ್ಟ್ ಸಾಕು. ಬ್ಯಾಕ್‌ಲೈಟಿಗೆ, ಅಂದರೆ ಹಿಂದಿನಿಂದ ಬರುವ ಆ ಬೆಳಕಿಗೆ, ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು ವೋಲ್ಟ್ ಬೇಕು, ಅದು ಬರುವುದು 26ರಿಂದ 29ನೇ ಪಿನ್ನುಗಳಲ್ಲಿ. ಪಿನ್ನಿನಿಂದ ಪಿನ್ನಿಗೆ ಅಂತರ ಸುಮಾರು ಅರ್ಧ ಮಿಲಿಮೀಟರ್, ಪಕ್ಕದಲ್ಲೇ ಗ್ರೌಂಡಿಗೆ (ಕರೆಂಟ್ ವಾಪಸ್ ಹೋಗುವ ದಾರಿಗೆ) ಸೇರಿದ ಲೋಹದ ಕವಚ. ಅಲ್ಲಿ ಒಂದು ಹನಿ ನಿಂತರೆ ಮೊದಲು ಏಟು ತಿನ್ನುವುದು ಹೆಚ್ಚು ವೋಲ್ಟಿನ ದಾರಿಯೇ. ಆ ದಾರಿಯಲ್ಲಿ ಒಂದು ಫ್ಯೂಸ್ ಇದೆ, ರಾಗಿ ಕಾಳಿನಷ್ಟು. ಬ್ಯಾಟರಿ ಕಿತ್ತು, ಮಲ್ಟಿಮೀಟರನ್ನು ದಾರಿ ಕಡಿಯದೆ ಇದ್ದರೆ ಸದ್ದು ಮಾಡುವ ಬೀಪ್ ಮೋಡಿಗೆ ಹಾಕಿ ಫ್ಯೂಸಿನ ಎರಡು ತುದಿಗೆ ಮುಟ್ಟಿಸಿದೆ. ಬೀಪ್ ಇಲ್ಲ. ಫ್ಯೂಸ್ ಸುಟ್ಟಿತ್ತು.

ಫ್ಯೂಸ್ ಜಾಗಕ್ಕೆ ಒಂದು ತಂತಿ ಬೆಸೆದು ಕೆಲಸ ಮುಗಿಸುವವರನ್ನು ನೋಡಿದ್ದೇನೆ. ನನಗದು ಹಿಡಿಸುವುದಿಲ್ಲ. ಫ್ಯೂಸ್ ಸುಮ್ನೆ ಸುಡುವುದಿಲ್ಲ ಅಲ್ವಾ? ಫ್ಯೂಸ್ ದಾಟಿದ ಮೇಲಿನ ಜಾಗಕ್ಕೂ ಗ್ರೌಂಡಿಗೂ ನಡುವೆ ಅಳೆದೆ. ಕರೆಂಟಿಗೆ ತಡೆ ಬರೀ 40 ಓಮ್. ಕೇಬಲ್ ಕಿತ್ತು ಮತ್ತೆ ಅಳೆದರೆ ಮೀಟರ್ ಕಿಲೋ ಓಮ್‌ಗಟ್ಟಲೆ ಏರಿತು. ಅಂದರೆ ಬೋರ್ಡಿನದ್ದು ತಪ್ಪಿಲ್ಲ, ಕರೆಂಟ್ ಸೋರುತ್ತಿರುವುದು ಕೇಬಲ್ ಕಡೆಗೆ. ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಕೇಬಲ್ ತುದಿಯಲ್ಲಿ 29ನೇ ಪಿನ್ನಿನ ಬುಡದ ಪ್ಲಾಸ್ಟಿಕ್ ಸುಟ್ಟು ಕರಿಯಾಗಿತ್ತು. ನಾನು ಇದನ್ನು ಕಾಫಿ ಕಲೆ ಅಂದುಕೊಂಡು ಉಜ್ಜಿದ್ದೆ! ಸುಟ್ಟ ಪ್ಲಾಸ್ಟಿಕ್ ಇದ್ದಿಲಾಗುತ್ತದೆ, ಇದ್ದಿಲಿನಲ್ಲಿ ಕರೆಂಟ್ ಹರಿಯುತ್ತದೆ. ಅದನ್ನು ಎಷ್ಟು ತೊಳೆದರೂ ಅಷ್ಟೇ.

ಕೇಬಲ್ ಬದಲಿಸಲೇಬೇಕಾಯಿತು. ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹೇಳಿ ತರಿಸಬೇಡಿ. ಒಂದೇ ಮಾಡೆಲ್ಲಿನಲ್ಲಿ 30 ಪಿನ್ನಿನದೂ ಇರಬಹುದು, 40 ಪಿನ್ನಿನದೂ ಇರಬಹುದು. ಕೇಬಲ್ಲಿಗೆ ಅಂಟಿಸಿದ ಚೀಟಿಯ ಪಾರ್ಟ್ ನಂಬರ್ ನೋಡಿಯೇ ತರಿಸಿದೆ. ಫ್ಯೂಸನ್ನು ಬೋರ್ಡಿನ ನಕ್ಷೆ ನೋಡಿ ಅಷ್ಟೇ ಆಂಪಿಯರಿನದು ತಂದೆ. ಬೆಸುಗೆ ಹಾಕುವಾಗ ಮೊದಲನೆಯದು ಚಿಮುಟದಿಂದ ಹಾರಿ ಎಲ್ಲಿಗೋ ಹೋಯಿತು, ಇವತ್ತಿಗೂ ಸಿಕ್ಕಿಲ್ಲ. ಎರಡನೆಯದು ಸೊಟ್ಟಗೆ ಕೂತಿತು, ಆದರೂ ಬೀಪ್ ಬಂತು. ಹೊಸ ಕೇಬಲ್ ಸಿಕ್ಕಿಸಿ, ಗ್ರೌಂಡಿಗೆ ಇನ್ನೊಮ್ಮೆ ಅಳೆದು, ಆಮೇಲೆ ಬ್ಯಾಟರಿ ಜೋಡಿಸಿದೆ.

ಬಟನ್ ಒತ್ತಿದೆ. ಬೆಳಕು ಬಂತು.

ಸ್ಕ್ರೀನಿನ ಕೆಳಗಿನ ಎಡ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಮಬ್ಬು ಕಲೆ ಈಗಲೂ ಇದೆ. ಬೆಳಕು ಹರಡುವ ಹಾಳೆಗಳ ನಡುವೆ ಇಳಿದ ಕಾಫಿ ಅದು. ಬಿಳಿ ಪುಟ ತೆರೆದಾಗ ಮಾತ್ರ ಕಾಣುತ್ತದೆ. ಅಷ್ಟಕ್ಕಾಗಿ ಪ್ಯಾನೆಲ್ ಬಿಚ್ಚುವ ಧೈರ್ಯ ನನಗಿಲ್ಲ.