ಸಂದರ್ಶನದ ಕೋಣೆಗೆ ಕಾಲಿಡುವ ಮುನ್ನ

ಸಂದರ್ಶಕರ ಎದುರು ಕುಳಿತು ಬಾಯಿ ತೆರೆಯುವ ಮೊದಲೇ ನಿಮ್ಮ ಬಗ್ಗೆ ಅವರ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಮೂಡಿರುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ನೋಡಿದವರ ತೀರ್ಪು ಬಿಡುವಾಗಿ ನೋಡಿದವರ ತೀರ್ಪಿಗೆ ಬಹುಮಟ್ಟಿಗೆ ಹೊಂದುತ್ತಿತ್ತು. ಆ ತೀರ್ಪು ಸರಿಯೇ ಎಂಬುದು ಬೇರೆ ಮಾತು. ಮುಖವನ್ನು ಬದಲಿಸಲು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ನಮ್ಮ ಕೈಯಲ್ಲಿರುವ ಮೊದಲ ಮಾತುಗಳ ಕಡೆಗೆ ಗಮನ ಕೊಡುವುದು ಒಳಿತು.

ಮನೋವಿಜ್ಞಾನಿ ಸಾಲಮನ್ ಆಶ್ 1946ರಲ್ಲಿ ಒಬ್ಬನೇ ವ್ಯಕ್ತಿಯ ಗುಣಗಳನ್ನು ಎರಡು ಗುಂಪುಗಳಿಗೆ ಎರಡು ಕ್ರಮದಲ್ಲಿ ಓದಿ ಹೇಳಿದರು: ಬುದ್ಧಿವಂತಿಕೆ, ಶ್ರಮಶೀಲತೆಗಳಿಂದ ಆರಂಭವಾದ ಪಟ್ಟಿ ಕೇಳಿದವರಿಗೆ ಅವನು ಸಮರ್ಥನಾಗಿ ಕಂಡರೆ, ಅಸೂಯೆ, ಹಟಮಾರಿತನಗಳಿಂದ ಆರಂಭವಾದ ಅದೇ ಪಟ್ಟಿ ಕೇಳಿದವರಿಗೆ ದೋಷಗಳೇ ಎದ್ದು ಕಂಡವು. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಪ್ರತಿಭಾವಂತರು ‘ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ, ಸರ್’ ಎಂಬ ಮಾತಿನಿಂದಲೇ ಪರಿಚಯ ಆರಂಭಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೀವು ಮಾಡಿ ಮುಗಿಸಿದ ಒಂದು ಕೆಲಸವನ್ನು ಮೊದಲ ವಾಕ್ಯದಲ್ಲೇ ಹೇಳಿ. ಭಾಷೆಯ ಮಟ್ಟವನ್ನು ಅವರು ತಾವಾಗಿಯೇ ಅಳೆಯಲಿ.

ಆ ವಾಕ್ಯವನ್ನು ಮನಸ್ಸಿನಲ್ಲೇ ಉರು ಹೊಡೆದರೆ ಸಾಲದು. ತನ್ನಿಂದಾಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಹಿಂದೆ ಅದನ್ನು ಮಾಡಿ ಗೆದ್ದ ಅನುಭವವೇ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ವಾದಿಸಿದರು. ಆದ್ದರಿಂದ ಮೊದಲು ಗೆಳೆಯರೊಬ್ಬರ ಮುಂದೆ, ಅನಂತರ ಅಷ್ಟು ಸಲಿಗೆಯಿಲ್ಲದ ಹಿರಿಯರೊಬ್ಬರ ಮುಂದೆ ಗಟ್ಟಿಯಾಗಿ ಹೇಳಿ, ಅವರಿಂದ ಪ್ರಶ್ನೆ ಕೇಳಿಸಿಕೊಳ್ಳಿ. ಕೈ ಅಗಲಿಸಿ ನಿಂತರೆ ಹಾರ್ಮೋನುಗಳೇ ಬದಲಾಗಿ ಧೈರ್ಯ ಬರುತ್ತದೆಂಬ 2010ರ ಪ್ರಸಿದ್ಧ ಅಧ್ಯಯನವನ್ನು ನಂಬಿ ಕೂರಬೇಡಿ. ಅದರ ಮುಖ್ಯ ಲೇಖಕಿ ಡೇನಾ ಕಾರ್ನಿಯವರೇ 2016ರಲ್ಲಿ ಆ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲ ಎಂದು ಬಹಿರಂಗವಾಗಿ ತಿಳಿಸಿದರು.

ಸರದಿಗಾಗಿ ಕಾಯುವಾಗ ಎದೆ ಹೊಡೆದುಕೊಂಡರೆ ಅದನ್ನು ಅದುಮಲು ಹೋಗಬೇಡಿ. ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮೊದಲು ‘ನಾನು ಶಾಂತನಾಗಿದ್ದೇನೆ’ ಎಂದುಕೊಂಡವರಿಗಿಂತ ‘ನಾನು ಉತ್ಸಾಹದಲ್ಲಿದ್ದೇನೆ’ ಎಂದುಕೊಂಡವರ ಮಾತು ಕೇಳುಗರನ್ನು ಹೆಚ್ಚು ಒಪ್ಪಿಸಿತು.

ನಡುವೆ ತಡವರಿಸಿದರೆ ಕ್ಷಣ ನಿಂತು ಅದೇ ವಾಕ್ಯವನ್ನು ಪೂರ್ತಿಗೊಳಿಸಿ. ನಮಗೆ ದೊಡ್ಡದಾಗಿ ಕಾಣುವ ತಪ್ಪನ್ನು ಎದುರಿನವರು ಹಲವು ಸಲ ಗಮನಿಸಿರುವುದೇ ಇಲ್ಲ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ನೇರವಾಗಿ ಹೇಳಿ, ಅದನ್ನು ಕಂಡುಕೊಳ್ಳಲು ಎಲ್ಲಿಂದ ಆರಂಭಿಸುವಿರಿ ಎಂಬುದನ್ನು ವಿವರಿಸಿ.