ತಡವಾಗಿ ಬರುವ ನ್ಯೂಟ್ರಾನ್‌ಗಳು

ಪಿಎಚ್.ಡಿ.ಗೆ ಅರ್ಜಿ ಹಾಕುವಾಗ ಪರಮಾಣು ಎಂಜಿನಿಯರಿಂಗನ್ನೇ ಏಕೆ ಓದಬೇಕೆಂದು ಎರಡು ಪುಟ ಬರೆದಿದ್ದೆ. ಅದರಲ್ಲಿ ಹವಾಮಾನ ಬದಲಾವಣೆ ಇತ್ತು, ಇಂಗಾಲವಿಲ್ಲದ ವಿದ್ಯುತ್ ಇತ್ತು, ಮನುಕುಲದ ಭವಿಷ್ಯವೂ ಇತ್ತು. ಮೊನ್ನೆ ಹಳೆಯ ಕಡತಗಳನ್ನು ಜಾಲಾಡುವಾಗ ಆ ಪುಟಗಳು ಸಿಕ್ಕವು. ಸುಳ್ಳೇನೂ ಬರೆದಿರಲಿಲ್ಲ. ಆದರೆ ನನ್ನನ್ನು ಐದು ವರ್ಷ ಈ ವಿಷಯಕ್ಕೆ ಕಟ್ಟಿಹಾಕಿದ್ದು ಏನೋ ಅದರ ಸುಳಿವು ಮಾತ್ರ ಅಲ್ಲಿ ಎಲ್ಲೂ ಇರಲಿಲ್ಲ.

ನಾನು ಬಂದದ್ದು ಮೆಕ್ಯಾನಿಕಲ್ ವಿಭಾಗದಿಂದ. ಶಾಖ, ಹರಿವು, ಒತ್ತಡ ಗೊತ್ತಿದ್ದವು, ನ್ಯೂಟ್ರಾನ್ ಗೊತ್ತಿರಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ರಿಯಾಕ್ಟರ್ ಭೌತಶಾಸ್ತ್ರದ ಪಾಠ ಶುರುವಾದಾಗ ವಿಸ್ತೀರ್ಣಕ್ಕೆ 'ಬಾರ್ನ್' ಎಂಬ ಮಾನ ಬಂತು. ಬಾರ್ನ್ ಎಂದರೆ ಕಣಜ. ಯುದ್ಧಕಾಲದ ಭೌತವಿಜ್ಞಾನಿಗಳು ಯುರೇನಿಯಂ ಪರಮಾಣುವಿನ ಬೀಜಕೇಂದ್ರ ಕಣಜದಷ್ಟು ದೊಡ್ಡ ಗುರಿ ಎಂದು ತಮಾಷೆ ಮಾಡಿಕೊಂಡು ಇಟ್ಟ ಹೆಸರು. ವೇಗದ ನ್ಯೂಟ್ರಾನಿಗೆ ಯುರೇನಿಯಂ-235ರ ವಿದಳನದ, ಅಂದರೆ ಬೀಜಕೇಂದ್ರ ಒಡೆಯುವ ಕ್ರಿಯೆಯ, ಗುರಿ ಒಂದು ಬಾರ್ನ್‌ಗಿಂತ ತುಸು ಹೆಚ್ಚು. ಅದೇ ನ್ಯೂಟ್ರಾನ್ ನೀರಿನಲ್ಲಿ ಡಿಕ್ಕಿ ಹೊಡೆಯುತ್ತ ನಿಧಾನವಾದರೆ ಸುಮಾರು 585. ಓಡುವವನಿಗೆ ಕಾಣದ ಬಾಗಿಲು ನಡೆಯುವವನಿಗೆ ಕಂಡಂತೆ. ಟಿಪ್ಪಣಿ ಪುಸ್ತಕದಲ್ಲಿ ಆ ಅಂಕಿಯ ಸುತ್ತ ಎರಡು ಸಲ ಗೆರೆ ಎಳೆದಿದ್ದೇನೆ.

ಆದರೆ ನಿಜವಾಗಿ ಮನಸ್ಸು ಕೆಡಿಸಿದ್ದು ಮೂರನೆಯ ವಾರದ ಒಂದು ಲೆಕ್ಕ. ವಿದಳನದಲ್ಲಿ ಹುಟ್ಟುವ ನ್ಯೂಟ್ರಾನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಕ್ಷಣದಲ್ಲೇ ಹೊರಬೀಳುತ್ತವೆ. ಅವು ಮಾತ್ರ ಇದ್ದಿದ್ದರೆ, ಸರಪಳಿ ಕ್ರಿಯೆಯ ಗುಣಕ (ಒಂದು ತಲೆಮಾರಿನಿಂದ ಮುಂದಿನದಕ್ಕೆ ನ್ಯೂಟ್ರಾನ್ ಸಂಖ್ಯೆ ಎಷ್ಟು ಪಟ್ಟಾಗುತ್ತದೆ ಎಂಬ ಅಂಕಿ) ಒಂದಕ್ಕಿಂತ ಸಾವಿರದಲ್ಲೊಂದು ಭಾಗ ಹೆಚ್ಚಾದರೂ ಸಾಕು, ರಿಯಾಕ್ಟರಿನ ಶಕ್ತಿ ಒಂದೇ ಸೆಕೆಂಡಿನಲ್ಲಿ ಸಾವಿರಾರು ಪಟ್ಟು ಏರುತ್ತಿತ್ತು. ಯಾವ ಮನುಷ್ಯನೂ, ಯಾವ ಮೋಟಾರೂ ನ್ಯೂಟ್ರಾನ್ ಹೀರುವ ನಿಯಂತ್ರಣ ಸರಳನ್ನು ಅಷ್ಟು ಬೇಗ ಇಳಿಸಲಾರದು. ಆದರೆ ಶೇಕಡಾ 0.65ರಷ್ಟು ನ್ಯೂಟ್ರಾನ್‌ಗಳು ತಡವಾಗಿ ಬರುತ್ತವೆ. ವಿದಳನದ ಚೂರುಗಳಲ್ಲಿ ಕೆಲವು, ಉದಾಹರಣೆಗೆ ಬ್ರೋಮಿನ್-87, ಸುಮಾರು 55 ಸೆಕೆಂಡಿನ ಅರ್ಧಾಯುಷ್ಯದಲ್ಲಿ ಕ್ಷಯಿಸಿದ ಮೇಲೆ ಅವನ್ನು ಉಗುಳುತ್ತವೆ. ಈ ಸೋಮಾರಿಗಳನ್ನು ಸೇರಿಸಿಕೊಂಡು ಅದೇ ಲೆಕ್ಕ ಮಾಡಿದರೆ ಶಕ್ತಿ ಎರಡು ಪಟ್ಟಾಗಲು ಸುಮಾರು 40 ಸೆಕೆಂಡು ಬೇಕು. ಜಗತ್ತಿನ ಎಲ್ಲ ರಿಯಾಕ್ಟರುಗಳೂ ಈ ಚಿಲ್ಲರೆಯ ಆಸರೆಯಲ್ಲೇ ನಡೆಯುತ್ತಿವೆ ಎಂದು ತಿಳಿದ ರಾತ್ರಿ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ನನ್ನ ಎರಡು ಪುಟಗಳಲ್ಲಿ ಇಲ್ಲದ ಕಾರಣ ಅಂದು ಸಿಕ್ಕಿತು.

ಅದಾದ ಮೇಲೆ ಸಂಶೋಧನಾ ರಿಯಾಕ್ಟರಿನಲ್ಲಿ ಪ್ರಯೋಗ: ರಿಯಾಕ್ಟರನ್ನು 'ಕ್ರಿಟಿಕಲ್' ಮಾಡುವುದು, ಅಂದರೆ ಹೊರಗಿನ ನ್ಯೂಟ್ರಾನ್ ಮೂಲದ ನೆರವಿಲ್ಲದೆ ಸರಪಳಿ ಕ್ರಿಯೆ ತಾನಾಗಿ ನಡೆಯುವಂತೆ ಮಾಡುವುದು. ನೀರಿನ ಕೊಳದ ತಳದಲ್ಲಿ ಇಂಧನ, ಮೇಲೆ ನಿಂತು ಇಣುಕುವ ನಾವು ಆರು ಮಂದಿ, ಎಲ್ಲರ ಎದೆಯ ಮೇಲೂ ವಿಕಿರಣ ಅಳೆಯುವ ಬ್ಯಾಜ್. ಸರಳನ್ನು ಸ್ವಲ್ಪ ಎತ್ತುವುದು, ನ್ಯೂಟ್ರಾನ್ ಎಣಿಕೆ ಸ್ಥಿರವಾಗುವವರೆಗೆ ಕಾಯುವುದು, ಆ ಎಣಿಕೆಯ ವಿಲೋಮವನ್ನು ಗ್ರಾಫಿನಲ್ಲಿ ಗುರುತಿಸುವುದು, ಗೆರೆ ಎಲ್ಲಿ ಸೊನ್ನೆ ಮುಟ್ಟುತ್ತದೆಂದು ಊಹಿಸುವುದು, ಮತ್ತೆ ಸ್ವಲ್ಪ ಎತ್ತುವುದು. ಗುರಿ ಹತ್ತಿರವಾದಷ್ಟೂ ಎಣಿಕೆ ನೆಲೆಗೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕೊನೆಗೆ ನ್ಯೂಟ್ರಾನ್ ಮೂಲವನ್ನು ಹೊರತೆಗೆದರೂ ಎಣಿಕೆ ಬೀಳದೆ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ; ಒಬ್ಬರು ಸಮಯ ಬರೆದುಕೊಂಡರು, ಅಷ್ಟೇ. 1942ರ ಡಿಸೆಂಬರ್ 2ರಂದು ಷಿಕಾಗೋದಲ್ಲಿ, ಜಗತ್ತಿನ ಮೊದಲ ರಿಯಾಕ್ಟರಿನಲ್ಲಿ, ಭೌತವಿಜ್ಞಾನಿ ಎನ್ರಿಕೊ ಫರ್ಮಿ ಮಾಡಿದ್ದೂ ಹೀಗೆ ಹೆಜ್ಜೆಹೆಜ್ಜೆಯಾಗಿಯೇ. ಇನ್ನೇನು ಮುಟ್ಟಬೇಕೆನ್ನುವಾಗ ಸುರಕ್ಷಾ ಸರಳೊಂದು ತಾನಾಗಿಯೇ ಬಿದ್ದು ಕೆಲಸ ನಿಂತಿತಂತೆ. ಆಗ ಅವರು ಎಲ್ಲರನ್ನೂ ಊಟಕ್ಕೆ ಕಳುಹಿಸಿದರು. ಸಂಜೆಯೊಳಗೆ ಸಾಧಿಸಿದ ಶಕ್ತಿ ಅರ್ಧ ವ್ಯಾಟ್. ಆ ಊಟದ ವಿಷಯ ನನಗೆ ಆ ಅರ್ಧ ವ್ಯಾಟ್‌ಗಿಂತ ಹೆಚ್ಚು ಇಷ್ಟ.

ಅರ್ಹತಾ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೌಖಿಕದಲ್ಲಿ "ರಿಯಾಕ್ಟರ್ ನಿಲ್ಲಿಸಿದ ಮೇಲೆ ಜೆನಾನ್-135 ಏನಾಗುತ್ತದೆ?" ಎಂದು ಕೇಳಿದರು. ಕಡಿಮೆಯಾಗುತ್ತದೆ ಎಂದೆ, ಬಹಳ ಧೈರ್ಯವಾಗಿ. ಅದು ಮೊದಲು ಏರುತ್ತದೆ: ಅಯೋಡಿನ್-135 ಕ್ಷಯಿಸುತ್ತ ಜೆನಾನನ್ನು ತುಂಬುತ್ತಲೇ ಇರುತ್ತದೆ, ಅದನ್ನು ತಿಂದುಹಾಕುತ್ತಿದ್ದ ನ್ಯೂಟ್ರಾನ್‌ಗಳು ಮಾತ್ರ ಇರುವುದಿಲ್ಲ. 1944ರಲ್ಲಿ ಅಮೆರಿಕದ ಹ್ಯಾನ್‌ಫರ್ಡ್‌ನ ದೊಡ್ಡ ರಿಯಾಕ್ಟರ್ ಚಾಲೂ ಆದ ಕೆಲವೇ ಗಂಟೆಗಳಲ್ಲಿ ತನ್ನಷ್ಟಕ್ಕೆ ನಿಂತುಹೋದದ್ದು ನ್ಯೂಟ್ರಾನುಗಳನ್ನು ಹೀರಿಬಿಡುವ ಇದೇ ಜೆನಾನಿನಿಂದ. ಆಗಿನ ಅತಿರಥರನ್ನೂ ಚಕಿತಗೊಳಿಸಿದ ವಸ್ತು ಎಂಬ ಸಮಾಧಾನ ನನಗೆ ಅಂಕ ತಂದುಕೊಡಲಿಲ್ಲ. ಆರು ತಿಂಗಳ ನಂತರ ಮತ್ತೆ ಕುಳಿತು ಪಾಸಾದೆ.

ಎರಡನೆಯ ವರ್ಷದ ಮಧ್ಯದಿಂದ ಮೂರನೆಯ ವರ್ಷದವರೆಗಿನ ಕಾಲ ಕೆಟ್ಟದ್ದು. ಜೊತೆಗೆ ಓದಿದವರು ಕೆಲಸ ಹಿಡಿದು ಮನೆ ಕಟ್ಟುವ ಮಾತಾಡುತ್ತಿದ್ದರು. ನಾನು ಒಂದು ಇಂಧನ ಸರಳಿನ ಮಾದರಿಯನ್ನು ಮಾಂಟೆ ಕಾರ್ಲೊ ವಿಧಾನದಲ್ಲಿ ಲೆಕ್ಕ ಹಾಕುತ್ತ ಕುಳಿತಿದ್ದೆ. ಲಕ್ಷಾಂತರ ನ್ಯೂಟ್ರಾನ್‌ಗಳನ್ನು ಒಂದೊಂದಾಗಿ ಹುಟ್ಟಿಸಿ, ಪ್ರತಿ ತಿರುವಿನಲ್ಲೂ ದಾಳ ಉರುಳಿಸಿ, ಯಾವುದು ಎಲ್ಲಿ ಸಾಯುತ್ತದೆಂದು ನೋಡುವ ವಿಧಾನ ಇದು. ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್‌ಗೆ ಇದು ಹೊಳೆದದ್ದು 1946ರಲ್ಲಿ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುವಾಗ. ಗುಣಕಕ್ಕೆ ನನ್ನ ಉತ್ತರ ಹೋಲಿಕೆಗೆ ಇಟ್ಟುಕೊಂಡ ಸರಿಯುತ್ತರಕ್ಕಿಂತ ಸುಮಾರು 1,500 ಪಿಸಿಎಂ, ಅಂದರೆ ಲಕ್ಷಕ್ಕೆ ಒಂದೂವರೆ ಸಾವಿರ ಭಾಗ, ಹೆಚ್ಚು ಬರುತ್ತಿತ್ತು. ಹೊರಗಿನವರಿಗೆ ಇದು ಕೂದಲೆಳೆ. ನಮ್ಮವರಿಗೆ ಹಗರಣ.

ಮೊದಲು ನ್ಯೂಟ್ರಾನ್‌ಗಳ ಸಂಖ್ಯೆ ಸಾಲದೆಂದುಕೊಂಡೆ. ಈ ವಿಧಾನದಲ್ಲಿ ಅನಿಶ್ಚಿತತೆ ಅರ್ಧವಾಗಬೇಕಾದರೆ ನ್ಯೂಟ್ರಾನ್‌ಗಳು ನಾಲ್ಕು ಪಟ್ಟಾಗಬೇಕು. ಹದಿನಾರು ಪಟ್ಟು ಮಾಡಿದೆ. ವಾರವಿಡೀ ಕಂಪ್ಯೂಟರುಗಳು ಗುಂಯ್‌ಗುಟ್ಟಿದವು. ಅನಿಶ್ಚಿತತೆ ಕಾಲು ಭಾಗಕ್ಕೆ ಇಳಿಯಿತು. ತಪ್ಪು ಉತ್ತರ ಇನ್ನಷ್ಟು ನಿಖರವಾಗಿ ತಪ್ಪಾಯಿತು. ಆಮೇಲೆ ಇಂಧನದ ಸಾಂದ್ರತೆ ನೋಡಿದೆ, ಕೊಳವೆಯ ದಪ್ಪ ನೋಡಿದೆ, ನೀರಿನಲ್ಲಿ ಕರಗಿಸಿದ ಬೋರಾನ್ ನೋಡಿದೆ. ಮೂರು ತಿಂಗಳು ಕಳೆದವು. ನನ್ನ ಮಾರ್ಗದರ್ಶಕರು ಒಂದು ಮಧ್ಯಾಹ್ನ ಲೆಕ್ಕಕ್ಕೆ ಕೊಟ್ಟಿದ್ದ ಮಾಹಿತಿಯ ಕಡತವನ್ನು ಮೇಲಿಂದ ಕೆಳಗೆ ಓದಿಸಿದರು, ಗಟ್ಟಿಯಾಗಿ, ಮಗ್ಗಿ ಓದಿಸುವ ಹಾಗೆ. ಯುರೇನಿಯಂ-238ರ ಸಾಲಿಗೆ ಬಂದಾಗ ಅವರು ಕೈ ಎತ್ತಿದರು. ದತ್ತಾಂಶ ಸಂಗ್ರಹದ ಸಂಕೇತ 80 ಎಂದಿತ್ತು, 82 ಇರಬೇಕಿತ್ತು. 80 ಎಂದರೆ ಕೋಣೆಯ ಉಷ್ಣತೆಯ ದತ್ತಾಂಶ, 82 ಎಂದರೆ 900 ಕೆಲ್ವಿನ್‌ನದು. ನನ್ನ ಇಂಧನ ಉರಿಯುವ ರಿಯಾಕ್ಟರಿನೊಳಗೆ ತಣ್ಣಗೆ ಕುಳಿತಿತ್ತು.

ಇಂಧನ ಬಿಸಿಯಾದಂತೆ ಯುರೇನಿಯಂ-238ರ ಪರಮಾಣುಗಳು ಹೆಚ್ಚು ಕಂಪಿಸುತ್ತವೆ, ನ್ಯೂಟ್ರಾನ್ ಹೀರುವ ಅವುಗಳ ಶಕ್ತಿಪಟ್ಟಿಗಳು ಅಗಲವಾಗುತ್ತವೆ, ಹೆಚ್ಚು ನ್ಯೂಟ್ರಾನ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ. ಡಾಪ್ಲರ್ ಪರಿಣಾಮ. ಶಕ್ತಿ ಏರತೊಡಗಿದರೆ ಅದಕ್ಕೆ ತಾನಾಗಿ ಬೀಳುವ ಮೊದಲ ಕಡಿವಾಣ ಇದೇ. ನನ್ನ ಎರಡು ಪುಟಗಳಲ್ಲಿ 'ಅಂತರ್ಗತ ಸುರಕ್ಷತೆ' ಎಂದು ಎರಡು ಕಡೆ ಬರೆದಿದ್ದೆ. ಅದೇ ಸುರಕ್ಷತೆಯನ್ನು ಒಂದು ಅಂಕಿಯಲ್ಲಿ ಅಳಿಸಿಹಾಕಿ ಮೂರು ತಿಂಗಳು ಅದನ್ನೇ ಹುಡುಕಿದ್ದೆ.

ಮಾರ್ಗದರ್ಶಕರು ಬೈಯಲಿಲ್ಲ. "ಕಂಪ್ಯೂಟರ್ ಉತ್ತರ ಹೇಳುವ ಮೊದಲು ನೀವು ಹೇಳಿ" ಎಂದರು. ಅಂದಿನಿಂದ ಯಾವ ಲೆಕ್ಕ ಓಡಿಸುವ ಮೊದಲೂ ನನ್ನ ಊಹೆಯನ್ನು ಒಂದು ಚೀಟಿಯಲ್ಲಿ ಬರೆದು ಮಡಚಿಡುತ್ತೇನೆ. ಮೊದಲ ವರ್ಷದ ಚೀಟಿಗಳನ್ನು ಯಾರಿಗೂ ತೋರಿಸುವಂತಿಲ್ಲ. ಇನ್ನೊಂದು ಅಭ್ಯಾಸ, ಶುಕ್ರವಾರಕ್ಕೊಮ್ಮೆ ಒಂದು ಪುಟ: ಈ ವಾರ ಏನು ಮಾಡಿದೆ, ಏನು ಕೆಟ್ಟಿತು. ಏನೂ ನಡೆಯದ ವಾರಗಳೇ ಹೆಚ್ಚು. ಆದರೂ ಪ್ರಬಂಧದ ಎರಡನೆಯ ಅಧ್ಯಾಯ ಆ ಪುಟಗಳಿಂದಲೇ ಎದ್ದುಬಂತು.

ಈ ವಿಷಯ ಓದುವವರಿಗೆ ಬೇರೆ ವಿಭಾಗದವರಿಗಿಲ್ಲದ ಒಂದು ಕೆಲಸವಿದೆ: ಮದುವೆಮನೆಯಾಗಲಿ ರೈಲಾಗಲಿ, ಪಕ್ಕದಲ್ಲಿ ಕುಳಿತವರಿಗೆ ಉತ್ತರ ಕೊಡುವುದು. ಬಾಂಬು ಮಾಡುತ್ತೀರಾ, ಚೆರ್ನೋಬಿಲ್ ಮತ್ತೆ ಆಗುವುದಿಲ್ಲವೇ, ನಿಮಗೆ ಕೂದಲು ಉದುರುವುದಿಲ್ಲವೇ. ನಾನು ವರ್ಷದ ಬಹುಪಾಲು ಪರದೆಯ ಮುಂದೆ ಕುಳಿತವನು, ಬ್ಯಾಜಿನಲ್ಲಿ ಹೇಳಿಕೊಳ್ಳುವಂಥದ್ದೇನೂ ದಾಖಲಾಗಿಲ್ಲ; ಕೂದಲು ಉದುರಿದ್ದು ಪ್ರಬಂಧದಿಂದ. ಮೊದಲೆಲ್ಲ 'ಪೂರ್ತಿ ಸುರಕ್ಷಿತ' ಎಂದುಬಿಡುತ್ತಿದ್ದೆ. ಈಗ ಫುಕುಶಿಮಾದ ಕಥೆ ಹೇಳುತ್ತೇನೆ. 2011ರ ಮಾರ್ಚ್ 11ರಂದು ಭೂಕಂಪವಾದ ಕೂಡಲೇ ಓಡುತ್ತಿದ್ದ ರಿಯಾಕ್ಟರುಗಳು ನಿಂತಿದ್ದವು, ಸರಪಳಿ ಕ್ರಿಯೆ ಮುಗಿದಿತ್ತು. ಆದರೆ ನಿಂತ ಕ್ಷಣದಲ್ಲೂ ವಿದಳನದ ಚೂರುಗಳ ಕ್ಷಯದಿಂದ ಪೂರ್ಣ ಶಕ್ತಿಯ ಶೇಕಡಾ ಆರೇಳರಷ್ಟು ಶಾಖ ಹುಟ್ಟುತ್ತಲೇ ಇರುತ್ತದೆ, ಗಂಟೆಗಳು ಕಳೆದರೂ ಶೇಕಡಾ ಒಂದರ ಆಸುಪಾಸಿನಲ್ಲಿರುತ್ತದೆ. ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ಆ ಶಾಖವನ್ನು ಒಯ್ಯುವ ದಾರಿ ಇಲ್ಲದಾಯಿತು. ಇದನ್ನು ಕೇಳಿದವರಲ್ಲಿ ಕೆಲವರು ಹೆದರುತ್ತಾರೆ, ಕೆಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಎರಡನೆಯವರು ಸಿಕ್ಕರೆ ನಿಲ್ದಾಣ ಬಂದದ್ದೂ ಗೊತ್ತಾಗುವುದಿಲ್ಲ.

ಈಗ ಕಿರಿಯರಿಗೆ ಆ ಕೊಳದ ಪ್ರಯೋಗ ಮಾಡಿಸುವ ಸರದಿ ನನ್ನದು. ಕಳೆದ ಸಲ ಒಬ್ಬ ಹುಡುಗಿ ಐದನೆಯ ಬಿಂದು ಗುರುತಿಸಿ, ಗೆರೆ ಎಳೆದು, ಸರಳು ಎಷ್ಟು ಮೇಲೇರಿದಾಗ ರಿಯಾಕ್ಟರ್ ಕ್ರಿಟಿಕಲ್ ಆಗುತ್ತದೆಂದು ಹೇಳಿದಳು. ಎಣಿಕೆ ಇನ್ನೂ ಏರುತ್ತಿತ್ತು, ಅವಳು ಕಾಯದೆಯೇ ಗುರುತಿಸಿದ್ದಳು. ಅಳಿಸಿ ಮತ್ತೆ ಎಳೆಯಲು ಹೇಳಿದೆ. ಎರಡನೆಯ ಸಲ ಎಣಿಕೆ ನಿಂತ ಮೇಲೆ ಗುರುತು ಹಾಕಿದಳು. ನನ್ನ ಊಹೆಯ ಚೀಟಿ ಜೇಬಿನಲ್ಲಿತ್ತು. ಕೊನೆಗೆ ಬಿಚ್ಚಿ ನೋಡಿದರೆ ಅವಳ ಗೆರೆಯೇ ಹೆಚ್ಚು ಹತ್ತಿರವಿತ್ತು.